ಚಮಚ ಕೈಬಿಟ್ಟ ಮೇಲೆ

ಕೋಟೇಶ್ವರದ ನನ್ನ ಬಾರಿನ ಬಾಡಿಗೆ ಕರಾರು ಮುಗಿದ ದಿನ ಕಟ್ಟಡದ ಯಜಮಾನರು ಕೌಂಟರಿನೆದುರು ಬಂದು ಕುಳಿತರು. ಹೊಸ ಕರಾರಿಗೆ ರುಜು ಹಾಕುವ ಮೊದಲು ಅವರಿಗೆ ನಾನು ಮುಂಬಯಿಯಲ್ಲಿ ಕಲಿತ ಕಾಕ್‌ಟೇಲ್ ಬೇಕಿತ್ತು: ಐರಿಷ್ ವಿಸ್ಕಿ, ಸಿಹಿ ವರ್ಮೂತ್ ಎಂಬ ಮಸಾಲೆ ವೈನ್, ಜೊತೆಗೆ ಕಷಾಯದಂತೆ ಘಮ್ಮೆನ್ನುವ ಗಿಡಮೂಲಿಕೆಯ ಲಿಕರ್.

ಅದನ್ನು ಕುಲುಕಬಾರದು, ಐಸಿನ ಜೊತೆ ನಿಧಾನವಾಗಿ ಕಲಕಬೇಕು. ಐಸ್ ಸ್ವಲ್ಪ ಕರಗಿದರಷ್ಟೇ ಗಂಟಲು ಸುಡುವ ಖಾರ ಇಳಿಯುತ್ತದೆ. ಆದರೆ ಗಿರಾಕಿಯ ಕಣ್ಣೆದುರು ಗ್ಲಾಸಿನಲ್ಲಿ ಮದ್ಯದ ಮಟ್ಟ ಏರಿದರೆ, ನಮ್ಮೂರಲ್ಲಿ ಬಾರಿನವನು ಕಳ್ಳನೆಂದೇ ಲೆಕ್ಕ.

"ಹ್ವಾಯ್, ನೀರ್ ಬೆರ್ಸ್ತ್ಯಾ ಎಂತ? ಮೇಲ್ ಬಂತಲ್ಲ ಮಾರಾಯ!" ಎಂದರು ಯಜಮಾನರು.

ನನ್ನ ಚಮಚ ನಿಂತಿತು. ಕಲಕಿದರೆ ನಾನು ಕಳ್ಳ, ಬಿಟ್ಟರೆ ಮೊದಲ ಗುಟುಕಿಗೇ ಅವರು ಮುಖ ಕಿವುಚಿಯಾರು. ಹೇಗೂ ಕರಾರು ಹೋದಂತೆಯೇ. ಪಕ್ಕದ ಮೊಬೈಲ್ ಅಂಗಡಿಯವನು ಇದೇ ಜಾಗಕ್ಕೆ ಹೊಂಚು ಹಾಕುತ್ತಿದ್ದ.

ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಮಾತು: ನಂಬದವನಿಗೆ ವಿವರಿಸುತ್ತ ಕೂರಬೇಡಿ, ಕೆಲಸವನ್ನೇ ಅವನ ಕೈಗೆ ಕೊಡಿ.

"ಒಡೇರೆ, ನೀವೇ ಒಳ್ಗ್ ಬಂದ್ ಕಲ್ಕಿ ಕಾಣಿ," ಎಂದೆ.

ಅವರು ಕಲಕಿದರು, ರುಚಿ ನೋಡಿದರು, ಮತ್ತೂ ಕಲಕಿದರು. "ಈಗ್ ಸಮಾ ಆಯ್ತ್ ಕಾಣ್!" ಎನ್ನುತ್ತ ರುಜು ಹಾಕಿದರು.

ಉಳಿದದ್ದನ್ನು ಹೇಳದಿದ್ದರೆ ಮೋಸವಾದೀತು. ಅಂದಿನಿಂದ ಯಜಮಾನರು ದಿನಾ ಸಂಜೆ ಕೌಂಟರಿನ ಒಳಗೇ ಇರುತ್ತಾರೆ. ನಾನು ಯಾರಿಗೆ ಏನು ಬೆರೆಸಿದರೂ "ಇನ್ನೊಂಚೂರ್ ಕಲ್ಕ್" ಎನ್ನುತ್ತಾರೆ. ಮೊನ್ನೆ ಚಮಚವನ್ನೇ ಕಸಿದುಕೊಂಡರು. ಹೊರಗೆ ಹೋಗಿ ಎನ್ನೋಣವೆಂದರೆ ಕಟ್ಟಡ ನನ್ನದಲ್ಲ.