ಮೀನಿನ ಮರಿಗೆ ಮೆತ್ತನೆ ಬಲೆ

ಭದ್ರಾವತಿ ಹಳೇನಗರದ ಓಣಿಯಲ್ಲಿ ಇನ್ನೂ ಹಾಲಿನವನ ಸದ್ದಿಲ್ಲ. ಕಾಶಮ್ಮ ಆಗಲೇ ಹೊಲಿಗೆ ಮಷೀನಿನ ಮುಂದೆ ಕುಳಿತಿದ್ದಾರೆ. ಮಡಿಲ ತುಂಬಾ ಬಿಳಿ ನೈಲಾನ್ ಜಾಲರಿ. ಒಂದು ಬದಿ ಹೊಲಿದು ಮುಗಿಯುತ್ತಲೇ ಒಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಉದ್ದಕ್ಕೂ ಬೆರಳ ಹಿಂಬದಿಯಿಂದ ಸವರುತ್ತಾರೆ. ಎಲ್ಲೋ ಏನೋ ತಾಗುತ್ತದೆ. ಅಷ್ಟನ್ನೂ ಬಿಚ್ಚುತ್ತಾರೆ.

"ದೊಡ್ಡ ಮೀನಾದ್ರೆ ತಡ್ಕೊಳ್ಳತ್ತೆ. ಇದು ಮರಿ. ಹುಟ್ಟಿ ಎಷ್ಟು ದಿನ ಆಯ್ತೋ ಏನೋ!"

ಕಡಲ ಮೀನಿನ ಮರಿಗಳಿಗಾಗಿ ಬಲೆ ಹೊಲಿಯುವ ಈ ಹೆಂಗಸು ಕಳೆದ ವರ್ಷದವರೆಗೆ ಕಡಲನ್ನೇ ಕಂಡಿರಲಿಲ್ಲ. ಗಂಡ ಜಯಪ್ಪ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. ಕೆಲಸ ಹೋಯಿತು, ಅದರ ಹಿಂದೆಯೇ ಅವರ ಜೀವವೂ ಹೋಯಿತು. ಆಮೇಲೆ ಮನೆ ನಡೆಸಿದ್ದು ಕೂಸುಗಳ ಅಂಗಿ, ಕುಲಾವಿ. ಮನೆಯಲ್ಲಿ ಹೊಲಿದು, ಶಿವಮೊಗ್ಗಕ್ಕೆ ಒಯ್ದು, ಆಸ್ಪತ್ರೆಯೊಂದರ ಗೇಟಿನ ಬಳಿ ಮಾರುತ್ತಿದ್ದರು. ಈಗಲೂ ಮಾರುತ್ತಾರೆ.

ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಹೇಮಶ್ರೀ ಕಾಶಮ್ಮನ ಬಾಗಿಲಿಗೆ ಬಂದದ್ದು ಹರಿದ ಬಲೆಯೊಂದನ್ನು ಹೊಲಿಸಲು. ಶರಾವತಿ ಕಡಲು ಸೇರುವ ಹೊನ್ನಾವರದ ಅಳಿವೆಯಲ್ಲಿ ಆಕೆಯ ಕೆಲಸ. ಹೊಳೆ ತರುವ ಕೆಸರಲ್ಲಿ ಮೇವೂ ಉಂಟು, ಮರೆಯೂ ಉಂಟು. ಕಾಣೆಯಂಥ ಕಡಲ ಮೀನುಗಳ ಮರಿಗಳು ಅಲ್ಲಿ ಬೆಳೆದು ಕಡಲಿಗೆ ಹೋಗುತ್ತವೆ. ಎಷ್ಟು ಬೆಳೆದವು, ಎಷ್ಟು ಬದುಕಿದವು ಎಂದು ತಿಳಿಯಲು ಅವನ್ನು ಜೀವಂತ ಹಿಡಿದು, ಅಳೆದು, ಮತ್ತೆ ನೀರಿಗೆ ಬಿಡಬೇಕು. ಆದರೆ ಹಿಡಿದ ಮರಿಗಳು ಮೈ ತರಚಿ, ಬಕೆಟ್ಟಿನಲ್ಲೇ ಸಾಯುತ್ತಿದ್ದವು.

"ನಾನೇ ಕೊಲ್ತಾ ಇದೀನಿ ಅನ್ಸತ್ತೆ ಅಮ್ಮಾ. ಹೀಗೇ ಆದ್ರೆ ಈ ಕೆಲ್ಸಾನೇ ಬಿಟ್ಬಿಡ್ತೀನಿ," ಎಂದು ಹುಡುಗಿ ಜಗುಲಿಯಲ್ಲೇ ಅತ್ತಳು.

"ಅಳಬೇಡ ಮಾರಾಯ್ತಿ. ಒಳಗೆ ಬಾ, ಮೊದ್ಲು ಕಾಫಿ ಕುಡಿ," ಎಂದ ಕಾಶಮ್ಮ ಬಲೆಯೊಳಗೆ ಕೈ ಹಾಕಿದರು. ಹೊಲಿಗೆಯ ಅಂಚು ಒಳಮುಖವಾಗಿತ್ತು, ಒರಟೊರಟು. ಕೂಸಿನ ಅಂಗಿಗೆ ಅವರು ಅಂಚನ್ನು ಯಾವತ್ತೂ ಹೊರಗಿಡುತ್ತಾರೆ; ಎಳೆ ಮೈಗೆ ತಾಗಬಾರದಲ್ಲ. ಬಲೆಯನ್ನೂ ಹಾಗೇ ತಿರುಗಿಸಿ ಹೊಲಿದುಕೊಟ್ಟರು.

ನೀರಿನ ಸೆಳೆತಕ್ಕೆ ಅದು ಬಿಚ್ಚಿಕೊಂಡಿತು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಗಟ್ಟಿ ನೂಲು ಹುಡುಕಿ ತಂದು ಮತ್ತೆ ಕುಳಿತರು. ಮೇಲೆತ್ತುವಾಗ ಮರಿಗಳು ನೀರಲ್ಲೇ ಇರುವಂತೆ ಬಲೆಯ ತುದಿಗೆ ಡಬ್ಬಿ ಕಟ್ಟೋಣ ಎಂದವಳು ಹೇಮಶ್ರೀ. ಡಬ್ಬಿಯ ಬಾಯಿಗೆ ಮೆತ್ತನೆ ಪಟ್ಟಿ ಕೂರಿಸಿದವರು ಕಾಶಮ್ಮ.

ಈ ಸಲ ಬಲೆಯ ಜೊತೆ ಅವರನ್ನೂ ಹುಡುಗಿ ಬಸ್ಸು ಹತ್ತಿಸಿದಳು. ಮರುದಿನ ಬೆಳಿಗ್ಗೆ ಅಳಿವೆಯ ದೋಣಿಯಲ್ಲಿ, ಬಲೆ ಮೇಲೆ ಬರುವ ಹೊತ್ತಿಗೆ, ಕಾಶಮ್ಮ ನೋಡಲಾರದೆ ಮುಖ ತಿರುಗಿಸಿ ಕುಳಿತರು.

"ಅಮ್ಮಾ, ಇಲ್ನೋಡಿ!"

ಬೆರಳುದ್ದವೂ ಇಲ್ಲದ ಕಾಣೆ ಮರಿಗಳು ಡಬ್ಬಿಯೊಳಗೆ ಸುತ್ತು ಹಾಕುತ್ತಿದ್ದವು. ಒಂದೆರಡು ಸತ್ತಿದ್ದವು. ಉಳಿದವು ಅಳತೆ ಮುಗಿಸಿಕೊಂಡು ನೀರಿಗೆ ಬಿದ್ದದ್ದೇ ತಡ, ಮಾಯ.

"ಒಂದೂ ತಿರುಗಿ ನೋಡ್ಲಿಲ್ಲ," ಎಂದು ನಗುತ್ತಾರೆ ಕಾಶಮ್ಮ.

ಹೇಮಶ್ರೀ ಕೆಲಸ ಬಿಡಲಿಲ್ಲ. ಅವಳ ಜೊತೆಯವರೂ ಈಗ ಬಲೆ ಹೊಲಿಸಲು ಇಲ್ಲಿಗೇ ಬರುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ಕಾಶಮ್ಮ ನೂಲು ಕತ್ತರಿಸಿ, ಮಡಿಲ ಜಾಲರಿಯನ್ನು ಮಡಚಿಡುತ್ತಾರೆ.

"ಇನ್ನೊಂದ್ಸಲ ಹೋಗ್ಬೇಕು. ಅಷ್ಟ್ರಲ್ಲಿ ಆ ಮರಿಗಳು ದೊಡ್ಡವಾಗಿ ಕಡಲಿಗೆ ಹೋಗಿರ್ತಾವಂತೆ, ಬಲೆಗೆ ಸಿಗಲ್ವಂತೆ. ಸಿಗದೇ ಇರ್ಲಿ. ಖಾಲಿ ಬಲೆ ನೋಡ್ಕೊಂಡು ಬರ್ತೀನಿ."