ಹೊಗೆ ನಿಂತ ಮನೆ

1988ರ ಫೆಬ್ರವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ಆರೂಕಾಲಿಗೆ ಹಿಂದೂಪುರದ ನಾಗರತ್ನಮ್ಮ ಒಂದು ಅಳತೆಯ ಟೇಪು, ಒಂದು ಕೊಡೆ ಮತ್ತು ಒಂದು ಕಟ್ಟು ಊದುಬತ್ತಿ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದರು. ನಾನು ಜೊತೆಗಿದ್ದೆ. ಹಿಂದಿನ ವಾರ ಅವರಿಗೆ ಬಂದ ಒಂದು ಕಾರ್ಡು ಈ ಪ್ರಯಾಣಕ್ಕೆ ಕಾರಣ. ತೆಲುಗು ಅಕ್ಷರದಲ್ಲಿ ಕನ್ನಡ ಬರೆದಿದ್ದ ಆ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ‘ನೀವು ಮಾಡಿಸಿಕೊಟ್ಟ ಮನೆ ಸದ್ದು ಮಾಡ್ತೈತೆ. ಬಂದು ನೋಡ್ರಿ.’

ನಾಗರತ್ನಮ್ಮನವರ ಕಚೇರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಸೌದೆ ಕಡಿಮೆ ಉರಿಯಬೇಕು, ಮನೆಯೊಳಗೆ ಹೊಗೆ ನಿಲ್ಲಬಾರದು, ಹಗಲಲ್ಲಿ ದೀಪ ಬೇಡ, ಬೇಸಿಗೆಯಲ್ಲಿ ಮಾಳಿಗೆ ಕಾಯಬಾರದು ಎನ್ನುವವರು ಅಲ್ಲಿಗೆ ಬರುತ್ತಿದ್ದರು. ಬೇರೆ ಊರುಗಳಲ್ಲಿ ಇದಕ್ಕೆ ಅರ್ಜಿಗೆ ಒಂದು ಕಚೇರಿ, ಕೊಳವೆಗೆ ಇನ್ನೊಂದು ಅಂಗಡಿ, ಮೇಸ್ತ್ರಿಗೆ ಮತ್ತೊಂದು ಊರು ಅಲೆಯಬೇಕಿತ್ತು. ಇಲ್ಲಿ ಮನೆಯವರು ಒಂದು ಹಾಳೆಗೆ ಒಂದು ಸಹಿ ಹಾಕಿದರೆ ಸಾಕು. ಅಳತೆ, ಮಂಜೂರಾತಿ, ಮೇಸ್ತ್ರಿ, ಒಲೆ, ಹೊಗೆ ಕೊಳವೆ, ಗಾಜಿನ ಹಂಚು, ಕೊನೆಯ ತಪಾಸಣೆ, ಎಲ್ಲವೂ ಅವರದೇ. ನಮ್ಮ ಪತ್ರಿಕೆಗೆ ಈ ವ್ಯವಸ್ಥೆಯ ಬಗ್ಗೆ ಬರೆಯಲು ನಾನು ಹೋಗಿದ್ದೆ. ನಾಗರತ್ನಮ್ಮ ಆ ಕಾರ್ಡು ತೋರಿಸಿ, “ಚೆನ್ನಾಗಿರೋ ಮನೆ ಬೇಕಾದ್ರೆ ಇಲ್ಲೇ ತೋರಿಸ್ತೀನಿ. ಇದನ್ನ ನೋಡ್ಬೇಕು ಅಂದ್ರೆ ಬನ್ನಿ” ಎಂದರು.

ಬಸ್ಸಿನಲ್ಲಿ ಕಂಡಕ್ಟರ್ ಅವರನ್ನು ಗುರುತು ಹಿಡಿದ. “ಏನಮ್ಮಾ ಹೊಗೆ ಮೇಡಂ, ಇವತ್ತು ಯಾರ ಮನೆ ಒಲೆ ಒಡೆಯಾಕೆ ಹೊಂಟ್ರಿ?”

“ನಿನ್ ಬಸ್ಸಿನ ಹೊಗೆ ನಿಲ್ಸಾಕೆ ಫಾರಂ ಇಲ್ಲ ಕಣಪ್ಪ. ಇದ್ದಿದ್ರೆ ಮೊದ್ಲು ನಿಂದೇ ಹಿಡೀತಿದ್ದೆ.”

ಹಿಂದಿನ ಸೀಟಿನವರು ನಕ್ಕರು. ಪೆನುಕೊಂಡ ದಾಟುವಾಗ ಬಿಸಿಲು ಏರಿತ್ತು. ರೊದ್ದಂನಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ಚಹಾ ಕುಡಿದೆವು. ಅಲ್ಲಿಂದ ಮುಂದೆ ಶೇಂಗಾ ಕಿತ್ತು ಮುಗಿದಿದ್ದ ಕೆಂಪು ಹೊಲಗಳು, ಗಾಳಿ ಇರಲಿಲ್ಲ. ಹತ್ತೂವರೆಗೆ ಕಲ್ಯಾಣದುರ್ಗ ತಲುಪಿದೆವು. ಬ್ರಹ್ಮಸಮುದ್ರದ ಕಡೆಗೆ ಹೋಗುವ ಜೀಪಿನಲ್ಲಿ ತಲೆಗೆ ಎರಡು ರೂಪಾಯಿ. ಹದಿನಾಲ್ಕು ಜನ ಇದ್ದೆವು.

ಜೀಪಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಎಲ್ಲಿಗೆ ಎಂದು ಕೇಳಿದಳು. ನೇಕಾರರ ಚಿಕ್ಕಣ್ಣನ ಮನೆಗೆ ಎಂದು ನಾಗರತ್ನಮ್ಮ ಹೇಳಿದರು. ಅಲ್ಲಿಯತನಕ ಬೋರ್‌ವೆಲ್ ಬಗ್ಗೆ ಜೋರಾಗಿ ವಾದಿಸುತ್ತಿದ್ದ ಇಬ್ಬರು ಮಾತು ನಿಲ್ಲಿಸಿದರು. ಹೆಂಗಸು ಸೆರಗು ಎಳೆದುಕೊಂಡು ಹೊರಗೆ ನೋಡಿದಳು. ನಾವು ಇಳಿಯುವ ಜಾಗ ಬಂದಾಗ ಮಾತ್ರ, “ಆ ಮನ್ಯಾಗೆ ನೀರು ಕುಡೀಬ್ಯಾಡ್ರಿ” ಎಂದಳು. ಏಕೆ ಎಂದು ಕೇಳುವಷ್ಟರಲ್ಲಿ ಜೀಪು ಹೊರಟಿತು.

ರಸ್ತೆಯಿಂದ ಊರಿಗೆ ಎರಡು ಕಿಲೋಮೀಟರ್ ನಡೆದೆವು. ದಾರಿಯಲ್ಲಿ ನಾಗರತ್ನಮ್ಮ ಆ ಮನೆಯ ಬಗ್ಗೆ ಹೇಳಿದರು. ಎರಡು ವರ್ಷದ ಹಿಂದೆ ಆ ಊರಲ್ಲಿ ಮೊದಲು ಸಹಿ ಹಾಕಿದವನು ಚಿಕ್ಕಣ್ಣ. ಹಳೆಯ ಒಲೆ ಒಡೆದು ಕೊಳವೆಯ ಒಲೆ ಹಾಕಿಸಿದರು. ಮಾಳಿಗೆಯ ನಡುವಿನ ಗವಾಕ್ಷಿಯಿಂದ ಮಗ್ಗದ ಮೇಲೆ ಧೂಳು ಬೀಳುತ್ತಿತ್ತು. ಅದಕ್ಕೆ ಗಾಜಿನ ಹಂಚು ಕೂರಿಸಿ ಮುಚ್ಚಿಸಿದರು. ಹೊಗೆಯಿಂದ ಕಪ್ಪಾಗಿದ್ದ ತೊಲೆ, ಜಂತೆಗಳಿಗೆಲ್ಲ ಸುಣ್ಣ ಬಳಿಸಿದರು, ಬೆಳಕು ಹೆಚ್ಚಲಿ ಎಂದು. “ನಾನು ಮಾಡ್ಸಿದ ಮನೆಗಳಲ್ಲಿ ಇದೇ ಚೆಂದ” ಎಂದರು.

ನಾವು ಬಾಗಿಲಿಗೆ ಬಂದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು. ಒಳಗೆ ಬಿಳುಪು. ಗಾಜಿನ ಹಂಚಿನಿಂದ ಇಳಿದ ಬಿಸಿಲಿನ ಚೌಕ ಗುಂಡಿಮಗ್ಗದ ಮೇಲೆ ಬಿದ್ದಿತ್ತು. ಚಿಕ್ಕಣ್ಣ ಮಗ್ಗದಲ್ಲಿದ್ದ. ಐವತ್ತರ ಆಸುಪಾಸಿನ ಆಳು. ಅವನ ಹೆಂಡತಿ ಸಣ್ಣಕ್ಕ ನೀರು ತಂದಳು, ಕುಡಿದೆವು. ಗೋಡೆಗೆ ಒರಗಿ ಕೂತಿದ್ದವಳು ಅವರ ಮಗಳು ಸುಶೀಲ, ಎಂಟು ತಿಂಗಳ ಬಸುರಿ. ಮೊದಲ ಹೆರಿಗೆಗೆ ಅವಳನ್ನು ಕರೆತಂದು ಹನ್ನೆರಡು ದಿನವಾಗಿತ್ತು.

“ಎಲ್ಲಿ ಸದ್ದು?” ಎಂದು ನಾಗರತ್ನಮ್ಮ ಕೇಳಿದರು.

ಚಿಕ್ಕಣ್ಣ ಮಗ್ಗ ನಿಲ್ಲಿಸಿದ. “ಈಗ ಕೇಳ್ರಿ.”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೆತ್ತಿಯ ಮೇಲೆ, ತೊಲೆಯ ಉದ್ದಕ್ಕೂ, ಒಣ ಎಲೆಯ ಮೇಲೆ ಉಗುರು ಆಡಿಸಿದಂತೆ ಒಂದು ಸಣ್ಣ ಸದ್ದು ಹರಿದು ಹೋಯಿತು. ನಿಂತಿತು. ಚಿಕ್ಕಣ್ಣ ಎದ್ದು ತೊಲೆಗೆ ಬೆರಳಿನ ಗಂಟಿನಿಂದ ಎರಡು ಸಲ ತಟ್ಟಿದ. ತಟ್ಟಿದ ಜಾಗದಿಂದಲೇ ಉತ್ತರ ಬಂತು: ಚುರುಕಾಗಿ, ಒಟ್ಟಿಗೆ, ಹತ್ತಾರು ಬೆರಳು ತಿರುಗಿ ತಟ್ಟಿದಂತೆ. ನಾನು ಕೂಡ ತಟ್ಟಿ ನೋಡಿದೆ. ನನಗೂ ಉತ್ತರ ಬಂತು.

“ನಮ್ಮತ್ತೆ” ಎಂದಳು ಸಣ್ಣಕ್ಕ. ದನಿಯಲ್ಲಿ ಭಯವಿರಲಿಲ್ಲ, ಮನೆಯಲ್ಲಿರುವವರ ಬಗ್ಗೆ ಹೇಳುವ ಹಾಗೇ ಹೇಳಿದಳು. “ಒಲೆ ಒಡದ್ ವರ್ಸಾನೆ ತೀರ್ಕೊಂಡ್ರು. ಒಡೀಬ್ಯಾಡ ಅಂದಿದ್ರು. ದಿನಾ ಬೆಳಿಗ್ಗೆ ಮಗ್ಗದ ಹಾಸಿನ ಮ್ಯಾಲೆ ಹಿಟ್ಟು ಉದುರ್ಸಿರ್ತಾರೆ, ಜರಡಿ ಹಿಡಿದಂಗೆ. ಗುಡಿಸ್ತೀನಿ. ನಾಳೆ ಮತ್ತೆ.”

“ನಮ್ಮವ್ವ ಬದುಕಿದ್ದಾಗ ಇಷ್ಟು ಮಾತಾಡ್ತಿರ್ಲಿಲ್ಲ ಕಣಮ್ಮ” ಎಂದ ಚಿಕ್ಕಣ್ಣ.

ತೊಲೆಯ ಕೆಳಗೆ ಗೋಡೆಯ ಗೂಡಿನಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಚೂರು ಇದ್ದವು. ಮುದುಕಿಗೆ ಇಟ್ಟದ್ದು. ಆ ಬೀದಿಯವರು ಆ ಮನೆಗೆ ಬರುವುದನ್ನು ನಿಲ್ಲಿಸಿ ಮೂರು ತಿಂಗಳಾಗಿತ್ತು.

ನಾಗರತ್ನಮ್ಮ ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿದರು. ಹೊಗೆ ನೇರ ಕೊಳವೆಗೆ ಹೋಯಿತು. ಹಂಚಿನ ಕೆಳಗೆ ಹಿಡಿದರು. ಎಲ್ಲೂ ಸೋರಿಕೆ ಇಲ್ಲ. ಅವರು ಮಾಡಿಸಿದ್ದೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹಾಳೆ ತೆಗೆದು ಒಂದೊಂದೇ ಗುರುತು ಹಾಕಿದರು. ಆಮೇಲೆ ಕೇಳಿದರು: “ಅತ್ತೆ ಇದ್ದಾಗ ಮಾಡ್ತಿದ್ದು, ಈಗ ನೀವು ಮಾಡ್ದೇ ಇರೋದು ಏನಾದ್ರೂ ಐತಾ?”

ಸಣ್ಣಕ್ಕ ಯೋಚಿಸಿದಳು. “ಅಮಾಸೆ ಅಮಾಸೆಗೆ ಬೇವಿನ ಸೊಪ್ಪು, ಕಡ್ಲೆಕಾಯಿ ಸಿಪ್ಪೆ ಹಾಕಿ ಮನೆಯೆಲ್ಲ ಹೊಗೆ ತುಂಬ್ಸೋರು. ಗವಾಕ್ಷಿ ಮುಚ್ಚಿ, ನಾವೆಲ್ಲ ಕೆಮ್ಮಿ ಕೆಮ್ಮಿ ಈಚೆಗೆ ಓಡ್ಬೇಕು, ಅಂಗೆ. ಪೂಜೆ ಅನ್ಕೊಂಡಿದ್ವಿ. ನೀವೇ ಹೇಳಿದ್ರಲ್ಲಾ, ಇನ್ ಮ್ಯಾಲೆ ಹೊಗೆ ಹಾಕ್ಬ್ಯಾಡ, ಸುಣ್ಣ ಕಪ್ಪಾಯ್ತದೆ ಅಂತ. ನಿಲ್ಲಿಸ್ಬುಟ್ವಿ.”

ನಾಗರತ್ನಮ್ಮ ಪೆನ್ನು ಮುಚ್ಚಿದರು. ಕೊಡೆ ತೆಗೆದುಕೊಂಡು ಅದರ ಮೊನೆಯನ್ನು ತೊಲೆಗೆ ಒತ್ತಿದರು. ಬಲ ಹಾಕಿದ ಹಾಗೆ ಕಾಣಲಿಲ್ಲ. ಕೊಡೆ ಗೇಣುದ್ದ ಒಳಗೆ ಹೋಯಿತು. ಎಳೆದಾಗ ತೂತಿನಿಂದ ಸಣ್ಣ ಮಣ್ಣು ನೀರಿನ ಧಾರೆಯಂತೆ ಸುರಿಯಿತು. ಅದರ ಜೊತೆ ಬಿಳಿಯ ಹುಳುಗಳು. ಹೊರಗಿನಿಂದ ಗುಂಡಗೆ, ಬೆಳ್ಳಗೆ, ನೆಟ್ಟಗೆ ಇದ್ದ ತೊಲೆಯ ಒಳಗೆ ಗೆದ್ದಲು ಮರ ತಿಂದು ಮಣ್ಣು ತುಂಬಿತ್ತು. ತಟ್ಟಿದವರಿಗೆ ತಿರುಗಿ ತಟ್ಟುತ್ತಿದ್ದದ್ದು ಅದೇ. ಸಣ್ಣಕ್ಕ ನೆಲದ ಮೇಲಿನ ಹುಳುಗಳನ್ನು ನೋಡಿದಳು, ಗೂಡಿನಲ್ಲಿದ್ದ ಎಲೆಯನ್ನು ನೋಡಿದಳು. ಎರಡನ್ನೂ ಮುಟ್ಟಲಿಲ್ಲ.

ಆ ತೊಲೆಯ ಮೇಲೆ ಒಂದು ಮೊಳ ದಪ್ಪದ ಚೌಳು ಮಣ್ಣಿನ ಮಾಳಿಗೆ ಇತ್ತು. ಕೆಳಗೆ ಸುಶೀಲಳ ಹಾಸಿಗೆ.

“ಇವತ್ತೇ ಮಾಳಿಗೆ ಬಿಚ್ಚಬೇಕು. ಮೇಸ್ತ್ರಿನ ಕಲ್ಯಾಣದುರ್ಗದಿಂದ ನಾನೇ ಕಳಿಸ್ತೀನಿ” ಎಂದರು ನಾಗರತ್ನಮ್ಮ.

“ಆಗಲ್ಲ ಕಣಮ್ಮ” ಎಂದ ಚಿಕ್ಕಣ್ಣ. “ಬಸುರಿ ಮನ್ಯಾಗಿರೋವಾಗ ಗ್ವಾಡೆಗೆ ಮೊಳೆ ಹೊಡಿಯಲ್ಲ ನಾವು. ಮಾಳಿಗೆ ಬಿಚ್ಚು ಅಂತೀರಾ!”

“ಹಂಗಾದ್ರೆ ಅವಳನ್ನ ಬೇರೆ ಮನೆಗೆ ಕಳ್ಸು.”

“ಯಾರ್ ಕರೀತಾರೆ?” ಇದು ಸಣ್ಣಕ್ಕ. “ಈ ಮನೆಯೋರು ಅಂದ್ರೆ ಬೀದಿಯೋರು ಬಾಗ್ಲು ಹಾಕ್ಕೊಂತಾರೆ. ಗಂಡನ ಮನೆಗೆ ತಿರುಗಿ ಕಳ್ಸಿದ್ರೆ ಅವ್ರು ಏನಂತಾರೆ? ಹೆರಿಗೆ ಆಗ್ಲಿ. ಒಂದ್ ತಿಂಗ್ಳು. ಎರಡ್ ವರ್ಸ ನಿಂತಿರೋದು ಒಂದ್ ತಿಂಗ್ಳು ನಿಲ್ಲಲ್ವಾ?”

ತಪ್ಪು ತಮ್ಮದು ಎಂದು ನಾಗರತ್ನಮ್ಮ ಹೇಳಿದ್ದು ಆಗ. “ನಾನು ಹಾಳೆಯಲ್ಲಿ ಎಲ್ಲಾ ಬರ್ದಿದ್ದೆ. ತೊಲೆಗೆ ಏನು ಮಾಡ್ಬೇಕು ಅಂತ ಒಂದು ಸಾಲು ಇರ್ಲಿಲ್ಲ. ಹೊಗೆ ಇದ್ರೆ ಗೆದ್ದಲು ಹತ್ತಲ್ಲ ಅಂತ ನಿಮ್ಮತ್ತೆಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ಸುಶೀಲ ಗೋಡೆ ಹಿಡಿದು ಎದ್ದಳು. ಚಾಪೆ ಸುತ್ತಿಕೊಂಡಳು. “ಹೋಯ್ತೀನಿ ಕಣಮ್ಮ” ಎಂದಳು ತಾಯಿಗೆ. “ಅಜ್ಜಿ ಅಂತ ಸುಮ್ಕಿದ್ದೆ. ನಾನು ಮಗ್ಗುಲು ಹೊರಳಿದಾಗೆಲ್ಲ ಮ್ಯಾಲೆ ಅದೂ ಹೊರಳ್ತಿತ್ತು.”

ಅವಳು ಬೀದಿ ದಾಟಿ ಎದುರಿನ ಮನೆಯ ಜಗುಲಿಯ ಮೇಲೆ ಚಾಪೆ ಹಾಸಿ ಕೂತಳು. ಆ ಮನೆಯ ಬಾಗಿಲು ಮುಚ್ಚಿತ್ತು. ನಾಗರತ್ನಮ್ಮ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು ನಿಂತರು. ಅರ್ಧ ಗಂಟೆಗೂ ಹೆಚ್ಚು ಯಾರೂ ಹೊರಗೆ ಬರಲಿಲ್ಲ. ಬೀದಿಯಲ್ಲಿ ಎಲ್ಲ ಮನೆಗಳ ಒಳಗೂ ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಗೆ ಬಾಗಿಲು ತೆರೆದು ಒಬ್ಬ ಮುದುಕಿ ಸುಶೀಲಳ ಹೊಟ್ಟೆಯನ್ನು ನೋಡಿ, “ಬಿಸಿಲಿಗೆ ಕೂತವ್ಳೆ, ಲೋಪಲಿಕಿ ರಾ ತಲ್ಲೀ” ಎಂದು ಕನ್ನಡ ತೆಲುಗು ಬೆರೆಸಿ ಒಳಗೆ ಕರೆದಳು.

ಮೂರು ಗಂಟೆಗೆ ಊರು ಬಿಟ್ಟೆವು. ಚಿಕ್ಕಣ್ಣ ರಸ್ತೆಯವರೆಗೆ ಬಂದ. ಮಗಳು ಈ ಮನೆ ಬಿಟ್ಟರೂ ಹೆರಿಗೆಯಾಗುವವರೆಗೆ ಮಾಳಿಗೆ ಮುಟ್ಟುವುದಿಲ್ಲ ಎಂದ. ತಾನೂ ಹೆಂಡತಿಯೂ ಹೊರಗೆ ಮಲಗುತ್ತೇವೆ ಎಂದು ಒಪ್ಪಿಕೊಂಡ. ಮಗ್ಗ ಮಾತ್ರ ಒಳಗೇ ಇತ್ತು. ನೆಲದ ಗುಂಡಿಗೆ ಹೂಡಿದ ಅದನ್ನು ಎಲ್ಲಿಗೂ ಒಯ್ಯಲು ಬರುವುದಿಲ್ಲ. ಹಾಸು ಅರ್ಧ ನೇಯ್ದಾಗಿತ್ತು. ಜೀಪು ಬರುವ ಮೊದಲೇ ಅವನು ತಿರುಗಿ ನಡೆದ.

ಕಲ್ಯಾಣದುರ್ಗದಿಂದ ಸಂಜೆಯ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ನಾಗರತ್ನಮ್ಮ ತಾವು ಸುಣ್ಣ ಬಳಿಸಿದ ಮನೆಗಳ ಹೆಸರನ್ನು ಹಾಳೆಯ ಹಿಂಬದಿಯಲ್ಲಿ ಬರೆದರು. ಹಿಂದೂಪುರ ಬಂದಾಗಲೂ ಬರೆಯುತ್ತಿದ್ದರು.

ಏಪ್ರಿಲ್‌ನಲ್ಲಿ ಅವರಿಂದ ನನಗೆ ಕಾಗದ ಬಂತು. ಸುಶೀಲಳಿಗೆ ಎದುರು ಮನೆಯಲ್ಲೇ ಹೆಣ್ಣು ಮಗು ಹುಟ್ಟಿದೆ. ತಾಯಿ ಮಗು ಚೆನ್ನಾಗಿದ್ದಾರೆ. ಹನ್ನೊಂದು ದಿನ ಕಳೆದ ಮೇಲೆ ಮೇಸ್ತ್ರಿ ತೊಲೆ ಇಳಿಸಲು ಏಣಿ ಹತ್ತಿದ. ಕೈ ಹಾಕಿದಾಗ ಒಳಗಿನ ಮಣ್ಣು ಉದುರಿ ಸುಣ್ಣದ ಸಿಪ್ಪೆಯೊಂದೇ ಕೈಗೆ ಬಂತು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಇಳಿಸಲು ಮರವೇ ಇರಲಿಲ್ಲ. ಮೇಲಿನ ಜಂತೆಗಳು, ಅವುಗಳ ಮೇಲಿನ ಮಣ್ಣು, ಕೆಳಗೆ ಆಸರೆಯಿಲ್ಲದೆಯೂ ಕದಲದೆ ಇದ್ದಲ್ಲೇ ಇದ್ದವು. ಮೇಸ್ತ್ರಿ ಏಣಿಯನ್ನು ಅಲ್ಲೇ ಬಿಟ್ಟು ಇಳಿದು ಹೋಗಿದ್ದಾನೆ. ಕಾಗದ ಬರೆಯುವ ದಿನದವರೆಗೆ ತಿರುಗಿ ಬಂದಿಲ್ಲ.