ನಳ್ಳಿ ರಿಪೇರಿಗೆ ಬಂದ ಅತಿಥಿ

ಕಾಫಿ ಬೀಜವನ್ನು ಮೂಸಿಯೇ ದರ್ಜೆ ಹೇಳಬಲ್ಲ ಕದ್ರಿಯ ಒಸ್ವಾಲ್ಡನನ್ನು ಅವನ ಕಾಫಿ ಕಂಪೆನಿ ೧೯೫೬ರಲ್ಲಿ ಮೂರು ತಿಂಗಳ ಮಟ್ಟಿಗೆ ಸ್ಕಾಟ್ಲೆಂಡಿಗೆ ಕಳಿಸಿತ್ತು. ಅವನು ಅಲ್ಲಿಂದ ತಂದದ್ದು ಒಂದು ಉಣ್ಣೆಯ ಕೋಟು, ಒಂದು ಕಥೆ. ಮಂಗಳೂರಿನ ಸೆಖೆಗೆ ಕೋಟು ಪೆಟ್ಟಿಗೆ ಸೇರಿತು. ಕಥೆ ಮಾತ್ರ ಮದುವೆ ಮನೆ, ಸಾವಿನ ಮನೆ ಎನ್ನದೆ ಎಂಟು ವರ್ಷ ಓಡಿತು.

"ಅಲ್ಲಿ ಗಾಲ್ಫ್ ಅಂದ್ರೆ ದೊಡ್ಡವರ ಆಟ ಅಲ್ಲ ಮಾರಾಯ. ನಾನು ಉಳಿದದ್ದು ಡಂಕನ್ ಅಂತ ಒಬ್ಬ ನಳ್ಳಿ ರಿಪೇರಿಯವನ ಮನೆಯಲ್ಲಿ. ನನಗೆ ಆಟ ಕಲಿಸಿದ್ದೂ ಅವನೇ. ಅವನು ಹೊಡೆಯುವವರೆಗೆ ಜಡ್ಜ್ ಸಾಹೇಬ್ರು ಕೋಲು ಹಿಡ್ಕೊಂಡು ಕಾಯ್ತಾರೆ! ಆಟ ಮುಗಿದ ಮೇಲೆ ಬಿಸಿ ಸೂಪು ಮೊದಲು ಯಾರಿಗೆ? ನನಗೆ, ಈ ಕರಿಯನಿಗೆ!"

ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು; ಸುಳ್ಳು ಕಣ್ಣೀರಲ್ಲ. ಆದರೆ ತನ್ನೂರಿನ ಗಾಲ್ಫ್ ಮೈದಾನವನ್ನು ಅವನು ಬೇಲಿಯಾಚೆಯಿಂದಲೇ ನೋಡಿದವನು. ದೊರೆಗಳು ಹೋಗಿ ಕ್ಲಬ್ಬು ನಮ್ಮವರ ಕೈಗೆ ಬಂದರೂ ಬೇಲಿ ಅಲ್ಲೇ ಉಳಿಯಿತು, ಕಾಯುವವರ ಬಣ್ಣವಷ್ಟೇ ಬೇರೆಯಾಯಿತು. ಅಂತೂ ೧೯೬೪ರಲ್ಲಿ, ಅವನು ಕ್ಲಬ್ಬಿಗೆ ಹಾಕಿದ್ದ ಅರ್ಜಿಗೆ ಉತ್ತರ ಬಂತು: ಆದಿತ್ಯವಾರ ಬಾ, ಆಟ ನೋಡಿ ಸದಸ್ಯನಾಗಿ ಸೇರಿಸಿಕೊಳ್ಳುವ ವಿಚಾರ ಮಾಡುತ್ತೇವೆ.

ಅದೇ ಆದಿತ್ಯವಾರ, ಒಸ್ವಾಲ್ಡ್ ಕ್ಲಬ್ಬಿಗೆ ಹೋದ ಮೇಲೆ, ಹೇಳದೆ ಕೇಳದೆ ಡಂಕನ್ ಮನೆಗೆ ಬಂದ. ಮಗನಿರುವ ಆಸ್ಟ್ರೇಲಿಯಕ್ಕೆ ಹೊರಟ ಮುದುಕ. ಅವನ ಹಡಗು ಕಾಫಿ ತುಂಬಿಸಲು ಬಂದರಿನಾಚೆ ಎರಡು ದಿನ ಲಂಗರು ಹಾಕಿತ್ತು. ಒಸ್ವಾಲ್ಡನ ಹೆಂಡತಿ ಉರ್ಸುಲಾ ಬೆಲ್ಲ ನೀರು ಕೊಟ್ಟು, ಚೀಲ ಒಳಗಿಟ್ಟು, ಅವನನ್ನು ಜಟಕಾ ಹತ್ತಿಸಿ ಕ್ಲಬ್ಬಿಗೆ ಕಳಿಸಿದಳು.

ಒಸ್ವಾಲ್ಡ್ ಆಗಷ್ಟೇ ಕೋಲು ಎತ್ತಿದ್ದ. ಬೆವರಿ ಕೆಂಪಾದ ಬಿಳಿಯನೊಬ್ಬ ಮಾಸಿದ ಅಂಗಿಯಲ್ಲಿ ಮೆಟ್ಟಿಲ ಬಳಿ ನಿಂತು, ಕೇಳಿದವರಿಗೆಲ್ಲ ತಾನು ಪ್ಲಂಬರ್ ಎಂದು ಖುಷಿಯಿಂದ ಹೇಳುತ್ತಿದ್ದ. ಸಮಿತಿಯ ಡಾಕ್ಟರ್ ನಿತ್ಯಾನಂದರ ಹುಬ್ಬು ಮೇಲೇರಿತು.

"ಎಂತ ಒಸ್ವಾಲ್ಡ್, ಇವ ನಿಮ್ಮ ಜನವಾ?"

"ಅಲ್ಲ ಸಾರ್. ಯಾವುದೋ ಹಡಗಿನವ. ಬಾತ್‌ರೂಮಿನ ನಳ್ಳಿ ಸೋರ್ತದಲ್ಲ, ಅದನ್ನು ನೋಡ್ಲಿಕ್ಕೆ ಬಂದಿರ್ಬೇಕು."

"ಬಿಳಿಯನಿಂದ ನಳ್ಳಿ ರಿಪೇರಿ! ಸ್ವಾತಂತ್ರ್ಯ ಬಂದದ್ದು ಇವತ್ತು ಗೊತ್ತಾಯ್ತು ಮಾರಾಯ್ರೆ!" ಡಾಕ್ಟರರು ಹೊಟ್ಟೆ ಹಿಡಿದು ನಕ್ಕರು. ಮತ್ತೆ ಇಂಗ್ಲಿಷಿನಲ್ಲಿ ಡಂಕನನನ್ನೇ ಕೇಳಿದರು, "ಈ ಮನುಷ್ಯನ ಗುರುತು ಉಂಟಾ ನಿನಗೆ?"

ಡಂಕನ್ ಒಸ್ವಾಲ್ಡನ ಮುಖ ನೋಡಿದ. ಒಸ್ವಾಲ್ಡ್ ಹುಲ್ಲು ನೋಡಿದ.

"ಇಲ್ಲ" ಎಂದ ಡಂಕನ್. ಅಂಗಿತೋಳು ಮಡಿಸಿ, ಆಳು ತೋರಿಸಿದ ಬಾಗಿಲೊಳಗೆ ಹೋಗಿ, ಕ್ಲಬ್ಬಿನದೇ ಸ್ಪಾನರಿನಲ್ಲಿ ನಳ್ಳಿ ಸರಿಮಾಡಿದ. ಹಿಂದಿನ ಗೇಟಿನಿಂದ ಹೊರಟುಹೋದ. ಒಸ್ವಾಲ್ಡನ ಚೆಂಡು ಆ ದಿನ ಗುರಿಯಿಂದ ಒಂದು ಗೇಣೂ ಅತ್ತಿತ್ತ ಸರಿಯಲಿಲ್ಲ. ಸಮಿತಿ ಅಲ್ಲೇ ಕೈಕುಲುಕಿ ಅವನನ್ನು ಸದಸ್ಯನಾಗಿ ಸೇರಿಸಿಕೊಂಡಿತು.

ಮನೆಯಲ್ಲಿ ಮೂರು ಬಟ್ಟಲು ಇಟ್ಟಾಗಿತ್ತು. "ಅವರೆಲ್ಲಿ?" ಎಂದಳು ಉರ್ಸುಲಾ.

"ಹಡಗಿಗೆ ಹೊತ್ತಾಯ್ತಂತೆ."

"ಎಂತ ಹೊತ್ತು? ನಾಳೆವರೆಗೆ ಇಲ್ಲೇ ಇರ್ತೇನೆ ಅಂತ ಚೀಲ ಬಿಟ್ಟು ಹೋಗಿದ್ದಾರೆ!"

"ಯಾರ ಕೈಯಲ್ಲಾದ್ರೂ ಕಳಿಸು."

ಅವಳು ಗಂಡನನ್ನು ಒಮ್ಮೆ ನೋಡಿ, ಚೀಲ ಎತ್ತಿಕೊಂಡು ಉರಿಬಿಸಿಲಲ್ಲಿ ತಾನೇ ಬಂದರಿಗೆ ನಡೆದಳು. ಒಸ್ವಾಲ್ಡ್ ಊಟಕ್ಕೆ ಕೂತ. ಅತಿಥಿಗೆಂದು ಮಾಡಿದ ಕೋಳಿ ಪದಾರ್ಥ. ಎರಡು ಸಲ ಬಡಿಸಿಕೊಂಡ.